ಅಜ್ಜಿಯ ಕೌದಿ ಚೀಲದಲ್ಲಿ ಮೂರು ಊರಿನ ಇತಿಹಾಸ

ತಂಗಿಯ ಹೆರಿಗೆಗೆ ಇನ್ನೂ ಒಂದೂವರೆ ತಿಂಗಳಿತ್ತು. ಹುಟ್ಟುವ ಕೂಸಿಗೆಂದು ಅಜ್ಜಿ ಹಿಡಿದಿದ್ದ ಕೌದಿ ಅರ್ಧ ಆಗಿತ್ತು. ಅಷ್ಟರಲ್ಲಿ ಅವಳ ಹೊಲಿಗೆ ಚೀಲವೇ ಹರಿಯಿತು. ಕತ್ತರಿ, ದಾರದ ಉಂಡೆ, ಮೇಣದ ತುಂಡು, ಬೆರಳಿಗೆ ಹಾಕುವ ಹಿತ್ತಾಳೆ ಟೋಪಿ, ಸೂಜಿಗಳು ಎಲ್ಲ ಪಡಸಾಲೆ ತುಂಬ ಚೆಲ್ಲಿದವು. ಒಂದು ಸೂಜಿ ಸಿಗಲೇ ಇಲ್ಲ. ಅದು ಕೌದಿಯೊಳಗೆ ಸೇರಿದ್ದರೆ? ಅಜ್ಜಿ ಆ ರಾತ್ರಿ ಮಲಗಲಿಲ್ಲ. ಬೆಳಿಗ್ಗೆ ಹೊಸ್ತಿಲ ಸಂದಿಯಲ್ಲಿ ಸೂಜಿ ಸಿಕ್ಕಿತು.

ಪೇಟೆಯಿಂದ ಹೊಸ ಚೀಲ ತರುತ್ತೇವೆ ಎಂದೆವು. "ಅಂಗಡ್ಯಾಗಿಂದು ಬ್ಯಾಡ. ಇಂಥಾದ್ದ ಹೊಲದು ಕೊಡ್ರಿ" ಅಂದಳು.

ಇಂಥದ್ದು ಅಂದರೆ ಎಂಥದ್ದು? ಹರಿದ ಚೀಲದ ಹೊಲಿಗೆ ಬಿಚ್ಚಿ ನೋಡಿದೆವು. ಹೊರಗೆ ಮೆಣಸಿನಕಾಯಿ ತುಂಬಿದ್ದ ಬ್ಯಾಡಗಿಯ ಗೋಣಿ. ಒಳಗೆ ಮುತ್ತಜ್ಜನ ಹಳೆಯ ಧೋತರ. ಸೂಜಿ ಚುಚ್ಚಿಡಲು ಅಂಗೈ ಅಗಲದ ಕರಿ ಕಂಬಳಿ ತುಂಡು, ಅದು ರಾಣೆಬೆನ್ನೂರು ಕಡೆಯದು. ಚೀಲ ಹೊಲಿದದ್ದು ಹಾವೇರಿ ಹತ್ತಿರದ ನಮ್ಮ ಮನೆಯಲ್ಲಿ.

ಮೊದಲು ಗೋಣಿಯ ಮಾತು. ಇಂಗ್ಲಿಷಿನ 'ಗನ್ನಿ' ಎಂಬ ಮಾತು ನಮ್ಮ 'ಗೋಣಿ'ಗೆ ನಂಟಿನ ಮಾತು. ಸೆಣಬಿನ ಚೀಲ ಮಾತ್ರ ದೂರದ ಬಂಗಾಳದ್ದು. ಕೋಲ್ಕತ್ತ ಹತ್ತಿರದ ರಿಶ್ರಾದಲ್ಲಿ 1855ರಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾಯಿತು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲು ಹಳಿ ಬಿತ್ತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಅದೇ ಹಳಿಯ ಮೇಲಿನ ಊರುಗಳು. ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣದಿಂದ ಹೆಸರು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಮಾರುಕಟ್ಟೆಯಲ್ಲಿ ಹಳೆಯದಾದ ಗೋಣಿ ಹಳ್ಳಿಗಳಲ್ಲಿ ಹಾಸಿಗೆಯಾಗುತ್ತದೆ, ಕೊಪ್ಪೆಯಾಗುತ್ತದೆ, ಕೊನೆಗೆ ಚೀಲವಾಗುತ್ತದೆ.

ಇನ್ನು ಧೋತರ. 1997ರವರೆಗೆ ಹಾವೇರಿ ಧಾರವಾಡ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ ಎರೆ ನೆಲಕ್ಕೆ 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ಹತ್ತಿ ಬೀಜ ತಂದರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬರುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. 1972ರಲ್ಲಿ ಧಾರವಾಡದ ವಿಜ್ಞಾನಿಗಳು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಕೊಟ್ಟರು. ರಾಣೆಬೆನ್ನೂರು ಸುತ್ತ ಬೀಜೋತ್ಪಾದನೆ ಬೆಳೆಯಿತು. ಸಂಜೆ ಮೊಗ್ಗಿನ ಗಂಡು ಭಾಗ ಕಿತ್ತು, ಮರುದಿನ ಬೆಳಿಗ್ಗೆ ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುವ ಕೆಲಸ. ಹೆಚ್ಚಾಗಿ ಹೆಣ್ಣುಮಕ್ಕಳ ಬೆರಳುಗಳೇ ಅದನ್ನು ಮಾಡಿದವು.

ಕಂಬಳಿ ಕುರುಬರ ಕಸುಬು. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಅದಕ್ಕೆ ಹೆಸರಾದ ಊರು. ಕುರಿ ಉಣ್ಣೆಯಲ್ಲಿ ಸ್ವಲ್ಪ ಜಿಡ್ಡು ಇರುತ್ತದೆ, ಹಾಗಾಗಿ ಅದರಲ್ಲಿ ಚುಚ್ಚಿಟ್ಟ ಸೂಜಿಗೆ ಬೇಗ ತುಕ್ಕು ಹಿಡಿಯುವುದಿಲ್ಲ. ಇದನ್ನು ಅಜ್ಜಿಗೆ ಯಾವ ಶಾಲೆಯೂ ಹೇಳಿಕೊಟ್ಟಿಲ್ಲ.

ಇಷ್ಟೆಲ್ಲ ಇತಿಹಾಸ ಬರೆಯಲು ನಮಗೆ ಆಧಾರ ಸಿಗುತ್ತದೆ. ಹತ್ತಿಗೆ ಸರಕಾರದ ಗೆಜೆಟಿಯರ್ ಇದೆ, ಮೆಣಸಿನಕಾಯಿಗೆ ದಲಾಲರ ಲೆಕ್ಕದ ಪುಸ್ತಕ ಇದೆ. ಕೌದಿಗೆ ಏನಿದೆ?

ಕೌದಿ ಉತ್ತರ ಕರ್ನಾಟಕದ ಮನೆಮನೆಯ ಹೊದಿಕೆ. ಹಳೆಯ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಖಣದ ತುಂಡು, ಅಂಗಿಯ ತುಂಡು ಇಟ್ಟು ಸಾಲು ಸಾಲಾಗಿ ಕೈಹೊಲಿಗೆ ಹಾಕುತ್ತಾರೆ. ಸುಗ್ಗಿ ಮುಗಿದ ಮೇಲೆ ಓಣಿಯ ಹೆಂಗಸರು ಕೂಡಿ ಕೂತು ಹೊಲಿಯುತ್ತಿದ್ದರು. ಗೊಂದಳಿ ಸಮುದಾಯದ ಹೆಣ್ಣುಮಕ್ಕಳು ಊರೂರು ತಿರುಗಿ ಕೌದಿ ಹೊಲಿದು ಕೊಡುತ್ತಿದ್ದರು. ನಮ್ಮ ಪಕ್ಕದ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಅವರ ಕೌದಿಗಳು ಅಮೆರಿಕದ ಪ್ರದರ್ಶನಗಳಿಗೂ ಹೋಗಿವೆ. ಆದರೆ ನಮ್ಮ ಓಣಿಯಲ್ಲಿ ಹೊಲಿದವರ ಹೆಸರು ಎಲ್ಲೂ ಬರೆದಿಲ್ಲ.

ಹಾಗಂತ ಹಿಂದೆ ಯಾರೂ ದುಡಿಯುವವರ ಹೆಸರು ಬರೆದಿಡಲಿಲ್ಲ ಎನ್ನುವಂತಿಲ್ಲ. 12ನೇ ಶತಮಾನದ ಶರಣರಿಗೆ ಕಾಯಕವೇ ಹೆಸರಾಗಿತ್ತು. ದೋಣಿ ನಡೆಸಿದ ಅಂಬಿಗರ ಚೌಡಯ್ಯ ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದವನು. ಸೂಜಿ ಹಿಡಿದವನು ಸೂಜಿಕಾಯಕದ ರಾಮಿತಂದೆ, ನೂಲುವವಳು ಕದಿರ ರೆಮ್ಮವ್ವೆ. 17ನೇ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಇವತ್ತಿಗೂ ಅವಳು ಸಂಚಿಯ ಹೊನ್ನಮ್ಮ. ಅವಳು ಹಿಡಿದ ಚೀಲವೇ ಅವಳ ಹೆಸರಿಗೆ ಅಂಟಿಕೊಂಡಿತು. ಹಾಗಾದರೆ ನಮ್ಮ ಅಜ್ಜಿಯರ ಚೀಲಕ್ಕೆ ಹೆಸರಿಲ್ಲ ಯಾಕೆ?

ಚೀಲ ಹೊಲಿಯಲು ಕೂತೆವು. ಬ್ಯಾಡಗಿಯ ಪರಿಚಯದವರಿಂದ ಗೋಣಿ ತಂದೆವು. ಮೂರು ಸಲ ತೊಳೆದರೂ ಸೀನು ಬಿಡಲಿಲ್ಲ. ರಾಣೆಬೆನ್ನೂರಿನ ಟೇಲರ್ ಅಣ್ಣ ಮುಟ್ಟಿ ನೋಡಿ, "ಮಷೀನ್ ಸೂಜಿ ಮುರೀತೈತ್ರಿ, ದಬ್ಬಣ ಹಿಡೀರಿ" ಎಂದು ವಾಪಸ್ ಕಳಿಸಿದರು. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲದ ಎರಡು ತುಂಡು ಕತ್ತರಿಸಿದೆವು. ಒಳಗೆ ಧೋತರದ ಅಸ್ತರಿ. ಕತ್ತರಿಗೆ ಒಂದು ಕಿಸೆ, ದಾರಕ್ಕೆ ಒಂದು. ಹಳೆಯ ಕಂಬಳಿ ತುಂಡನ್ನೇ ಮತ್ತೆ ಹಚ್ಚಿದೆವು. ಹೆಗಲಿಗೆ ಇಳಕಲ್ ಸೀರೆಯ ದಡಿ. ದಬ್ಬಣ ಎರಡು ಸಲ ಬೆರಳಿಗೆ ಚುಚ್ಚಿತು. ನಾಲ್ಕು ದಿನ ಹಿಡಿಯಿತು. ಅಜ್ಜಿಯ ಕೈಯಲ್ಲಾದರೆ ಒಂದು ಮಧ್ಯಾಹ್ನದ ಕೆಲಸ. ಈಗ ಅವಳಿಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ.

ಕೊನೆಗೆ ಚೀಲದ ಮೇಲೆ ಕೆಂಪು ದಾರದಲ್ಲಿ ಅಜ್ಜಿಯ ಹೆಸರು ಹೊಲಿದೆವು. ಅಕ್ಷರ ಸೊಟ್ಟಗಿದ್ದವು. ಅವಳಿಗೆ ಓದಲು ಬರುವುದಿಲ್ಲ. ಬೆರಳಾಡಿಸಿ, "ಏನ್ ಬರದೀರಿ?" ಎಂದು ಕೇಳಿದಳು. ಹೇಳಿದೆವು.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲಿಗಿ ಭಾಳ ದೂರ ದೂರ ಬಿದ್ದೈತಿ" ಅಂದಳು. ಆಮೇಲೆ ಸೂಜಿಗಳನ್ನು ಒಂದೊಂದಾಗಿ ಎಣಿಸಿ ಕಂಬಳಿಗೆ ಚುಚ್ಚಿದಳು. ಒಂದನ್ನು ಮಾತ್ರ ಹೊರಗೆ ಇಟ್ಟುಕೊಂಡು ನಮ್ಮ ಕೈಗೆ ಕೊಟ್ಟಳು, ದಾರ ಪೋಣಿಸಲು.