ಕೌಂಟ್ ಸರಿ ಇದ್ರೂ ರಕ್ತ ನಿಲ್ಲಲಿಲ್ಲ

ಮನೇಲಿ ಯಾರಿಗಾದ್ರೂ ಡೆಂಗ್ಯೂ ಬಂದಿದ್ರೆ ನಿಮಗೂ ಈ ಪ್ರಶ್ನೆ ಬಾಯಿಪಾಠ ಆಗಿರುತ್ತೆ: ಪ್ಲೇಟ್‌ಲೆಟ್ ಎಷ್ಟಿದೆ? ಒಂದೂವರೆ ಲಕ್ಷದ ಮೇಲಿದ್ರೆ ನಿಟ್ಟುಸಿರು, ಇಳಿದ್ರೆ ಪಪ್ಪಾಯ ಎಲೆಗೆ ಓಟ. ಇವತ್ತಿನ ಕಥೆ ಕೌಂಟ್ ಸರಿಯಾಗಿದ್ದೂ ರಕ್ತ ನಿಲ್ಲದ ಒಬ್ಬ ಹುಡುಗಿಯದು. ಉದ್ದ ಇದೆ, ಆದ್ರೂ ಓದಿ. ಹುಡುಗರೂ ಸ್ಕ್ರೋಲ್ ಮಾಡ್ಬೇಡಿ, ನಿಮ್ಮ ಮನೇಲೂ ಅಕ್ಕ ತಂಗೀರಿದ್ದಾರೆ.

1924ನೇ ಇಸವಿ. ಸ್ವೀಡನ್ ಮತ್ತು ಫಿನ್‌ಲೆಂಡ್ ನಡುವಿನ ಸಮುದ್ರದಲ್ಲಿ ಓಲಂಡ್ ಅನ್ನೋ ದ್ವೀಪಗಳಿವೆ, ಫಿನ್‌ಲೆಂಡ್‌ಗೆ ಸೇರಿದವು. ಅಲ್ಲಿನ ಫ್ಯೋಗ್ಲೋ ಅನ್ನೋ ಜಾಗದಿಂದ ಹ್ಯೋರ್ಡಿಸ್ ಅನ್ನೋ 5 ವರ್ಷದ ಹುಡುಗಿಯನ್ನು ಹೆಲ್ಸಿಂಕಿಗೆ ಕರ್ಕೊಂಡು ಬಂದ್ರು. 3 ವರ್ಷದವಳಿದ್ದಾಗ ತುಟಿಗೆ ಗಾಯ ಆಗಿ, ದಿನಗಟ್ಟಲೆ ರಕ್ತ ಹೋಗಿ, ಸಾಯೋ ಸ್ಥಿತಿಗೆ ಹೋಗಿ ಬಂದವಳು. ಅವಳ ಅಕ್ಕತಂಗಿಯರಲ್ಲಿ ಕೆಲವರು ಚಿಕ್ಕ ವಯಸ್ಸಲ್ಲೇ ರಕ್ತ ನಿಲ್ಲದೆ ತೀರಿಕೊಂಡಿದ್ರು.

ನೋಡಿದ ಡಾಕ್ಟರ್ ಎರಿಕ್ ವಾನ್ ವಿಲ್ಲೆಬ್ರಾಂಡ್. ರಕ್ತ ನಿಲ್ಲದ ಕಾಯಿಲೆ ಅಂದ್ರೆ ಆಗ ಎಲ್ಲರ ತಲೆಗೆ ಬರ್ತಿದ್ದುದು ಹಿಮೋಫಿಲಿಯಾ, ವಿಕ್ಟೋರಿಯಾ ರಾಣಿಯ ವಂಶದಲ್ಲಿದ್ದದ್ದು. ಅದು ಕಾಡೋದು ಹೆಚ್ಚಾಗಿ ಗಂಡಸರನ್ನ. ಇಲ್ಲಿ ಹುಡುಗಿ. ಪ್ಲೇಟ್‌ಲೆಟ್ ಎಣಿಸಿದ್ರೆ ಕಮ್ಮಿ ಇರಲಿಲ್ಲ. ರಕ್ತ ಹೆಪ್ಪುಗಟ್ಟೋ ಸಮಯವೂ ಸರಿ. ಆದ್ರೆ ಸಣ್ಣದಾಗಿ ಚುಚ್ಚಿದ್ರೆ ಸಾಕು, ಬಹಳ ಹೊತ್ತಾದ್ರೂ ರಕ್ತ ನಿಲ್ಲೋದಿಲ್ಲ. (ಬಿಕಾಂನವರಿಗೆ ಇದು ಅರ್ಥ ಆಗುತ್ತೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ ಮಾತ್ರಕ್ಕೆ ತಪ್ಪಿಲ್ಲ ಅಂತಲ್ಲ.)

ಅವರು ಒಬ್ಬಳನ್ನ ನೋಡಿ ಸುಮ್ಮನಾಗಲಿಲ್ಲ. ಇಡೀ ವಂಶವೃಕ್ಷ ಬರೆದ್ರು. 66 ಜನರಲ್ಲಿ 23 ಜನಕ್ಕೆ ಈ ತೊಂದರೆ, ಅದರಲ್ಲಿ ಹೆಂಗಸರೇ ಜಾಸ್ತಿ. ನನಗೆ ಇದೇ ದೊಡ್ಡ ಕೆಲಸ ಅನ್ಸುತ್ತೆ. ಮೂಗಿಂದ ಬಂದ ರಕ್ತದ ಜೊತೆ ಮುಟ್ಟಿನ ರಕ್ತ, ಹೆರಿಗೆಯ ರಕ್ತ ಎಲ್ಲವನ್ನೂ ಅವರು ಕಾಯಿಲೆಯ ಲಕ್ಷಣ ಅಂತ ಬರೆದಿಟ್ಟರು. ನೂರು ವರ್ಷದ ಹಿಂದೆ! ನಾವಿನ್ನೂ ಪ್ಯಾಡನ್ನ ಪೇಪರಲ್ಲಿ ಸುತ್ತಿ ಕೊಡೋ ಅಂಗಡಿಗೆ ಹೋಗ್ತೀವಿ.

1926ರಲ್ಲಿ ಸ್ವೀಡಿಷ್ ಭಾಷೇಲಿ ಲೇಖನ ಬಂತು. ಅವರಿಟ್ಟ ಹೆಸರು ‘ವಂಶಪಾರಂಪರ್ಯ ಹುಸಿ ಹಿಮೋಫಿಲಿಯಾ’. ಹೆಸರೇನೋ ಸಿಕ್ತು, ಔಷಧಿ ಸಿಗಲಿಲ್ಲ. ಹ್ಯೋರ್ಡಿಸ್ ದೊಡ್ಡವಳಾದಳು. ನಾಲ್ಕನೇ ಸಲ ಮುಟ್ಟಾದಾಗ ರಕ್ತ ನಿಲ್ಲದೆ ಸತ್ತುಹೋದಳು.

ಪ್ಲೇಟ್‌ಲೆಟ್‌ಗಳ ಕೆಲಸದಲ್ಲಿ ಮತ್ತು ರಕ್ತನಾಳದಲ್ಲಿ ದೋಷ ಇದೆ ಅಂತ ವಾನ್ ವಿಲ್ಲೆಬ್ರಾಂಡ್ ಅಂದುಕೊಂಡಿದ್ರು. ಅದು ಪೂರ್ತಿ ಸರಿಯಿರಲಿಲ್ಲ. ಅವರು 1949ರಲ್ಲಿ ತೀರಿಕೊಂಡ ಮೇಲೆ, 1950ರ ದಶಕದಲ್ಲಿ ಸ್ವೀಡನ್ನಿನ ಇಂಗಾ ಮರೀ ನಿಲ್ಸನ್ ಮತ್ತು ಜೊತೆಯವರು ಪ್ಲಾಸ್ಮಾದಿಂದ ತೆಗೆದ ಒಂದು ಅಂಶವನ್ನ ಇಂಥ ರೋಗಿಗೆ ಕೊಟ್ಟು ನೋಡಿದ್ರು. ರಕ್ತ ನಿಂತಿತು. ಹಿಮೋಫಿಲಿಯಾ ಇರೋರ ಪ್ಲಾಸ್ಮಾದಿಂದ ತೆಗೆದದ್ದೂ ಕೆಲಸ ಮಾಡ್ತು! ಅಂದ್ರೆ ಇದು ಬೇರೆಯೇ ವಸ್ತು, ಇರೋದು ಪ್ಲಾಸ್ಮಾದಲ್ಲಿ. ಪ್ಲೇಟ್‌ಲೆಟ್‌ಗಳನ್ನ ಗಾಯದ ಜಾಗಕ್ಕೆ ಗೋಂದಿನ ಹಾಗೆ ಅಂಟಿಸೋ ಪ್ರೋಟೀನು ಅದು. ಇಟ್ಟಿಗೆ ರಾಶಿ ಇದೆ, ಗಾರೆ ಇಲ್ಲ, ಗೋಡೆ ಏಳೋದು ಹೇಗೆ? ಪ್ರೋಟೀನಿಗೂ ಕಾಯಿಲೆಗೂ ಈಗ ವಾನ್ ವಿಲ್ಲೆಬ್ರಾಂಡ್ ಹೆಸರೇ ಇದೆ. ವಂಶದಲ್ಲಿ ಬರೋ ರಕ್ತಸ್ರಾವದ ಕಾಯಿಲೆಗಳಲ್ಲಿ ಜಗತ್ತಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಬಹಳ ಜನಕ್ಕೆ ಹ್ಯೋರ್ಡಿಸ್‌ಗೆ ಇದ್ದಷ್ಟು ತೀವ್ರ ಇರಲ್ಲ, ಅದಕ್ಕೇ ಗೊತ್ತೇ ಆಗಲ್ಲ. ಈಗ ಔಷಧಿಗಳಿವೆ.

ಇದನ್ನೆಲ್ಲ ಯಾಕೆ ಓದಿದೆ ಅಂದ್ರೆ, ನನ್ನ ಅಕ್ಕನಿಗೆ ಹಲ್ಲು ಕೀಳಿಸಿದಾಗ ಎರಡು ದಿನ ರಕ್ತ ಜಿನುಗಿತ್ತು. ಪ್ರತಿ ತಿಂಗಳೂ ಎಂಟೊಂಬತ್ತು ದಿನ ಸುಸ್ತು. ಅಮ್ಮ ಹೇಳೋದು ಒಂದೇ, “ನಮ್ಮನೇಲಿ ಎಲ್ಲರಿಗೂ ಹಿಂಗೇ ಕಣೇ, ನಿಮ್ಮಜ್ಜಿಗೂ ಹಿಂಗೇ ಆಗ್ತಿತ್ತು.” ಸಮಾಧಾನಕ್ಕೆ ಹೇಳೋ ಮಾತು. ಆದ್ರೆ ವಂಶದಲ್ಲಿ ಬರೋ ಕಾಯಿಲೆಗೆ ಆ ಮಾತೇ ಸುಳಿವು ಅಲ್ವಾ? ವಾನ್ ವಿಲ್ಲೆಬ್ರಾಂಡ್ ಬರೆದುಕೊಂಡಿದ್ದೂ ಅದನ್ನೇ.

ನಾನು ಡಾಕ್ಟರ್ ಅಲ್ಲ. ಆದ್ರೆ ಮುಟ್ಟು ಏಳು ದಿನ ದಾಟೋದು, ಗಂಟೆ ಎರಡು ಗಂಟೆಗೇ ಪ್ಯಾಡ್ ಬದಲಿಸಬೇಕಾಗೋದು, ಪದೇಪದೇ ಮೂಗಲ್ಲಿ ರಕ್ತ ಬರೋದು ನಿಮಗಿದ್ರೆ, ಮನೇಲಿ ಬೇರೆಯವರಿಗೂ ಇದ್ರೆ, ಡಾಕ್ಟರ್ ಹತ್ರ ಆ ಮನೆ ಕಥೇನೂ ಹೇಳಿ. ಕೌಂಟ್ ನಾರ್ಮಲ್ ಬಂದ್ರೂ ಹೇಳಿ, ಇದಕ್ಕೆ ಬೇರೆ ಟೆಸ್ಟ್ ಇದೆ.

ಅಕ್ಕ ಹೋದ ಶನಿವಾರ ರಕ್ತ ಕೊಟ್ಟು ಬಂದಿದ್ದಾಳೆ. ರಿಪೋರ್ಟ್ ಇನ್ನೂ ಬಂದಿಲ್ಲ.