ಪದದ ಬೆಲೆ, ಪ್ರತಿಯ ಬೆಲೆ: ದುರ್ಗದ ಸೀಮೆಯಿಂದ ಒಂದು ನೋಟ

ತಂತ್ರಾಂಶದ ಕಳ್ಳಪ್ರತಿ, ಅದರ ಬೆಲೆ, ಅದರ ಒಡೆತನ ಇವೆಲ್ಲ ಗಣಕಯಂತ್ರದೊಡನೆ ಹುಟ್ಟಿದ ಪ್ರಶ್ನೆಗಳೆಂಬ ಭಾವನೆ ವಿದ್ಯಾವಂತರಲ್ಲಿ ಸಾಮಾನ್ಯವಾಗಿದೆ. ವಾಸ್ತವವಾಗಿ ಒಮ್ಮೆ ಕೇಳಿದೊಡನೆ ಕೇಳಿದವನದೂ ಆಗಿಬಿಡುವ ಸರಕಿಗೆ ಬೆಲೆ ಕಟ್ಟುವುದು ಹೇಗೆಂಬ ಸಮಸ್ಯೆಯನ್ನು ಮೌಖಿಕ ಪರಂಪರೆಯು ಬಹಳ ಹಿಂದೆಯೇ ಎದುರಿಸಿದೆ. ಚಿತ್ರದುರ್ಗ ಸೀಮೆಯನ್ನು ಮುಂದಿಟ್ಟುಕೊಂಡು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರದ ಕಟ್ಟೆಯ ಕೆಲಸ ಆರಂಭವಾದದ್ದು 1898ರಲ್ಲಿ. ಈ ನೀರು ಒಬ್ಬನ ಗದ್ದೆಗೆ ಹರಿದರೆ ಇನ್ನೊಬ್ಬನ ಪಾಲು ಅಷ್ಟು ಕಡಿಮೆಯಾಗುತ್ತದೆ. ಆದ್ದರಿಂದಲೇ ಸರದಿ, ತೂಬು, ಕಂದಾಯಗಳ ಕಟ್ಟಳೆ. ಪದದ ಸ್ವಭಾವ ಬೇರೆ. ಹತ್ತು ಜನ ಕಲಿತರೂ ಕಲಿಸಿದವಳ ಬಳಿ ಅದು ತುಂಬಿಯೇ ಇರುತ್ತದೆ. ತಂತ್ರಾಂಶವೂ ಹೀಗೆಯೇ. ಮೊದಲ ಪ್ರತಿಯನ್ನು ಸಿದ್ಧಗೊಳಿಸಲು ಅಪಾರ ವೆಚ್ಚ, ವರ್ಷಗಳ ದುಡಿಮೆ. ಎರಡನೆಯ ಪ್ರತಿಗೆ ಖರ್ಚು ಇಲ್ಲವೆಂಬಷ್ಟು ಅಲ್ಪ. ಪ್ರತಿ ತೆಗೆಯುವ ವೆಚ್ಚಕ್ಕೆ ಮಾರಿದರೆ ರಚಿಸಿದವನಿಗೆ ಅಸಲು ಹುಟ್ಟದು. ಹೆಚ್ಚು ಬೆಲೆಗೆ ಮಾರಿದರೆ ಅಗತ್ಯವಿರುವವನಿಗೆ ಎಟುಕದು. ಕೃತಿಸ್ವಾಮ್ಯವೆಂಬುದು ಈ ಇಕ್ಕಟ್ಟಿನ ನಡುವೆ ಕಾನೂನು ಹಾಕಿದ ಬೇಲಿ.

ನಮ್ಮ ಹಟ್ಟಿಗಳು ಕಂಡುಕೊಂಡ ದಾರಿ ಬೇರೆಯಾಗಿತ್ತು. ಕಾಡುಗೊಲ್ಲರಲ್ಲಿ ಗಣೆಯ ದನಿಯೊಡನೆ ಜುಂಜಪ್ಪನ ಕಥನವನ್ನು ಹಾಡುವವನಿಗೆ ಸಲ್ಲುವುದು ಪದದ ಪ್ರತಿಯ ಬೆಲೆಯಲ್ಲ. ಅವನು ಅಲ್ಲಿ ಕುಳಿತು ಹಾಡಿದ ಇರುಳಿನ ಗೌರವ. ಗ್ರಾಮವ್ಯವಸ್ಥೆಯ ಆಯಗಾರ ಪದ್ಧತಿಯೂ ಇದೇ ತರ್ಕಕ್ಕೆ ಹತ್ತಿರವಾದುದು. ಕಮ್ಮಾರನು ಕುಡ ಹದಮಾಡಿದಾಗಲೆಲ್ಲ ಹಣ ಎಣಿಸುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ವರ್ಷದ ಆಯವನ್ನು ಪಡೆಯುತ್ತಿದ್ದ. ಈ ಪದ್ಧತಿ ಜಾತಿಯ ಏಣಿಶ್ರೇಣಿಯನ್ನು ಬಿಟ್ಟುದಲ್ಲ, ಅದನ್ನು ವೈಭವೀಕರಿಸಬೇಕಾಗಿಯೂ ಇಲ್ಲ. ಆದರೆ ದುಡಿಮೆಗೆ ಬಿಡಿಬಿಡಿಯಾಗಿ ಬೆಲೆ ಕಟ್ಟದೆಯೂ ದುಡಿದವನನ್ನು ಪೋಷಿಸಬಹುದೆಂಬ ತಿಳಿವಳಿಕೆ ಅದರಲ್ಲಿತ್ತು ಎಂಬುದು ಗಮನಾರ್ಹ.

ಈ ತಿಳಿವಳಿಕೆಯನ್ನು ಮೊದಲು ಅಲುಗಿಸಿದ್ದು ಧ್ವನಿಸುರುಳಿ. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಕ್ಯಾಸೆಟ್ಟು 1980ರ ದಶಕದಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳ ಸಂತೆ, ಜಾತ್ರೆಗಳನ್ನು ತಲುಪಿತು. ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡುಗಳನ್ನು ತುಂಬಿಕೊಡುವ ಅಂಗಡಿಗಳು ತಲೆಯೆತ್ತಿದವು. ಅಸಲಿಗಿಂತ ಅಗ್ಗದ ಪ್ರತಿ ಕಂಪನಿಗಳ ದೃಷ್ಟಿಯಲ್ಲಿ ಕಳ್ಳತನ. ಆದರೆ ಜನಪದ ಗೀತೆಯ ವಿಷಯದಲ್ಲಿ ಕಳವಾದದ್ದು ಯಾರ ಸೊತ್ತು? ಕರ್ತೃವಿಲ್ಲದ ಪದಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಒಡೆಯರಿಲ್ಲ. ಮುದ್ರಿಸಿಕೊಂಡ ಧ್ವನಿಗೆ ಮಾತ್ರ ಒಡೆಯರುಂಟು. ಹಾಡಿದವರ ಹಕ್ಕು ಕಾಯಿದೆಯೊಳಗೆ ಸೇರಿದ್ದು 1994ರ ತಿದ್ದುಪಡಿಯಿಂದ. ಅಲ್ಲಿಯವರೆಗೆ ಹಟ್ಟಿಯ ಪದವು ಬೆಲೆಯಿಲ್ಲದೆ ಕಂಪನಿಗೆ ಬಂದು, ಬೆಲೆ ಪಡೆದು ಹಟ್ಟಿಗೇ ಮರಳಬಹುದಾಗಿತ್ತು. ಪ್ರತಿ ಮಾಡಿದವನನ್ನು ಕಳ್ಳನೆನ್ನುವ ಮೊದಲು ಈ ಹಿಂದಿನ ಹೆಜ್ಜೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ತಂತ್ರಾಂಶದ ಕತೆಯೂ ಇದನ್ನೇ ಹೋಲುತ್ತದೆ. ಬಿಲ್ ಗೇಟ್ಸ್ ಅವರು 1976ರಲ್ಲಿ ಗಣಕ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ಬೆಲೆ ಕೊಡದೆ ಪ್ರತಿ ಮಾಡಿಕೊಳ್ಳುವುದನ್ನು ಆಕ್ಷೇಪಿಸಿದ್ದರು. ಭಾರತದಲ್ಲಿ 1984ರ ತಿದ್ದುಪಡಿ ಗಣಕ ಕ್ರಮವಿಧಿಯನ್ನು ಕೃತಿಸ್ವಾಮ್ಯದ ವ್ಯಾಪ್ತಿಗೆ ತಂದಿತು. ಆದರೆ ಅಮೆರಿಕದ ಸಂಬಳಕ್ಕೆ ಹೊಂದಿಸಿದ ಬೆಲೆಯನ್ನು ಮದುವೆಯ ಕರೆಯೋಲೆ ಅಚ್ಚುಹಾಕುವ ಸಣ್ಣ ಊರಿನ ಡಿಟಿಪಿ ಅಂಗಡಿ ತೆರಲಾರದು. ಕಳ್ಳಪ್ರತಿ ಹರಡಿದ್ದಕ್ಕೆ ನೀತಿಯ ಕೊರತೆಗಿಂತ ಈ ಅಂತರವೇ ದೊಡ್ಡ ಕಾರಣ. ಕಳ್ಳಪ್ರತಿಯಲ್ಲಿ ಕೈ ಪಳಗಿಸಿಕೊಂಡವನು ಮುಂದೆ ಅದೇ ತಂತ್ರಾಂಶವನ್ನು ಬಯಸುವುದರಿಂದ ಕಂಪನಿಗಳಿಗೂ ಅದು ಪೂರ್ತಿ ನಷ್ಟವಾಗಿರಲಿಲ್ಲ.

ಕನ್ನಡದಲ್ಲಿ ಈ ಅಂತರವನ್ನು ತುಂಬಿದ್ದು ದಾನ ಮತ್ತು ರಾಜ್ಯಾಶ್ರಯ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಉಚಿತವಾಗಿ ಹೊರಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರದ ಬೆಂಬಲದಿಂದ ಉಚಿತವಾಗಿ ದೊರೆಯಿತು. ಬೆಲೆಯೇ ಇಲ್ಲದ ಕಡೆ ಕಳ್ಳತನಕ್ಕೆ ಎಡೆಯಿಲ್ಲ. ಆದರೆ ರಚಿಸಿದವರ ದುಡಿಮೆಯ ವೆಚ್ಚ ಅಳಿಯುವುದಿಲ್ಲ. ‘ಬರಹ’ದ ಮುಂದಿನ ಆವೃತ್ತಿಗಳು ಬೆಲೆಗೆ ದೊರೆಯುವಂತಾದುದನ್ನು ಈ ಹಿನ್ನೆಲೆಯಲ್ಲಿ ಕಾಣಬೇಕು.

ಉಚಿತವೆಂಬುದರ ಹಿಂದೆ ಯಾರೋ ತೆತ್ತ ವೆಚ್ಚ ಇರುತ್ತದೆಂಬುದಕ್ಕೆ ಈ ಸೀಮೆಯಲ್ಲಿ ದೊಡ್ಡ ನಿದರ್ಶನವಿದೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಯೋಗ, ಆಯುರ್ವೇದಗಳ ವಿದ್ಯೆಯನ್ನು ಹಂಚಿದ ರಾಘವೇಂದ್ರ ಸ್ವಾಮೀಜಿಯವರು ‘ತಿರುಕ’ ಎಂಬ ಹೆಸರನ್ನೇ ಧರಿಸಿ, ಬೇಡಿ ತಂದು ಆಶ್ರಮ ಕಟ್ಟಿದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ಇನ್ನೊಂದು ದಾರಿಯನ್ನು ತೋರುತ್ತದೆ. 1997ರಿಂದ ಊರೂರಿಗೆ ನಾಟಕವನ್ನು ಒಯ್ಯುತ್ತಿರುವ ಈ ತಿರುಗಾಟದಲ್ಲಿ ಎದುರಿಗೆ ನಿಂತ ನಟನನ್ನು ಪ್ರತಿ ಮಾಡಲು ಬಾರದು.

ಅಡೋಬ್ ಸಂಸ್ಥೆ 2013ರಲ್ಲಿ ಪೆಟ್ಟಿಗೆಯ ಮಾರಾಟದಿಂದ ಚಂದಾ ಪದ್ಧತಿಗೆ ಹೊರಳಿತು. ಪ್ರತಿಗೆ ಬೆಲೆ ಕಟ್ಟುವುದನ್ನು ಬಿಟ್ಟು ಕಾಲಕ್ಕೆ ಬೆಲೆ ಕಟ್ಟುವ ಈ ಕ್ರಮ ಆಯವನ್ನು ನೆನಪಿಸುತ್ತದೆ. ವ್ಯತ್ಯಾಸವೂ ಉಂಟು. ಮಳೆ ಹೋದ ವರ್ಷ ಕಣದ ರಾಶಿಯೊಡನೆ ಆಯವೂ ಕುಗ್ಗುತ್ತಿತ್ತು. ಚಂದಾ ಬರವನ್ನು ಅರಿಯದು. ಇತ್ತ ಕರ್ನಾಟಕವು 2014ರಲ್ಲಿ ಗೂಂಡಾ ಕಾಯಿದೆಯ ವ್ಯಾಪ್ತಿಗೆ ಡಿಜಿಟಲ್ ಅಪರಾಧಿಗಳನ್ನೂ ಸೇರಿಸಿತು. ಬೇಲಿ ಬಲವಾಗಿದೆ, ಆದರೆ ಬೇಲಿಯೊಳಗೆ ಯಾರ ಬೆಳೆಯಿದೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರವರಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿ ಕಾಪಾಡಿದರು. ಅವರಿಗೆ ನಾಡೋಜ ಗೌರವ ಸಂದಿತು. ಅಂಥ ಗೌರವ ತಲುಪದ ಗಾಯಕಿಯರೇ ಹೆಚ್ಚು. ಹಟ್ಟಿಗಳಲ್ಲಿ ಧ್ವನಿಮುದ್ರಿಸಿದ ಪದಗಳನ್ನು ಅಕಾಡೆಮಿ, ವಿಶ್ವವಿದ್ಯಾಲಯಗಳು ಡಿಜಿಟಲ್ ರೂಪಕ್ಕೆ ತರುವಾಗ ಪ್ರತಿ ಕಡತದಲ್ಲಿ ಹಾಡಿದವರ ಹೆಸರು, ಊರು, ಸಲ್ಲಬೇಕಾದ ಪಾಲನ್ನು ದಾಖಲಿಸುವುದು ಅಗತ್ಯ. ಪದ ಎಲ್ಲರದಾಗಿ ಹರಿಯಲಿ. ಹಾಡಿದವಳ ಆಯ ಮಾತ್ರ ಕಣದಲ್ಲಿ ಉಳಿಯಬಾರದು.