ಅಜ್ಜಿಗೂ ಮೊಮ್ಮಗನಿಗೂ ಒಂದೇ ಕೋಣೆ: ಜಗಳದ ಹಿಂದೆ ಕಾಯಿಲೆ ಇರಬಹುದೇ?

ಕಲಬುರಗಿ, ಬೀದರ್ ಕಡೆಯಿಂದ ಹೈದರಾಬಾದಿಗೆ ಬಂದು ನೆಲೆಸಿದ ಮನೆಗಳಲ್ಲಿ ಇದು ಹೊಸದೇನಲ್ಲ. ಊರಿನಲ್ಲಿ ಒಂಟಿಯಾಗಿರಲಾಗದ ಅಜ್ಜಿ ಮಗನ ಫ್ಲ್ಯಾಟಿಗೆ ಬರುತ್ತಾರೆ, ಅವರ ಮಂಚ ಮೊಮ್ಮಗನ ಕೋಣೆಗೆ ಸೇರುತ್ತದೆ. ಆಮೇಲೆ ದೀಪ, ಫ್ಯಾನು, ಟಿವಿ ಎಲ್ಲಕ್ಕೂ ಜಗಳ.

ಇಬ್ಬರದೂ ಹಟವೇ ಆಗಿರಬೇಕಿಲ್ಲ. 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಆದರೆ ಆ ವಯಸ್ಸಿನಲ್ಲಿ ನಿದ್ದೆ ಬರುವುದೇ ತಡವಾಗಿ. ವಯಸ್ಸಾದವರು ಬೇಗ ಮಲಗಿ ಬೆಳಗಿನ ಜಾವವೇ ಏಳುತ್ತಾರೆ. ಟಿವಿ ಸದ್ದು ದಿನೇ ದಿನೇ ಏರುತ್ತಿದ್ದರೆ ಅಜ್ಜಿಯ ಕಿವಿ ಪರೀಕ್ಷೆ ಮಾಡಿಸಿ.

ಔಷಧಿಗಳನ್ನೂ ನೋಡಿ

ಫ್ರೂಸೆಮೈಡ್‌ನಂತಹ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ನುಂಗಿದರೆ ರಾತ್ರಿ ಹಲವು ಬಾರಿ ಏಳಬೇಕಾಗುತ್ತದೆ, ಪಕ್ಕದಲ್ಲಿ ಮಲಗಿದ ಮಗುವಿಗೂ ನಿದ್ದೆ ಇಲ್ಲ. ಸಮಯ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ನೆಗಡಿಗೆಂದು ಅಂಗಡಿಯಿಂದ ತರುವ ಅನೇಕ ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮೈನ್ ವೃದ್ಧರಲ್ಲಿ ಗೊಂದಲ, ಮಂಪರು ತರಬಹುದು. ಔಷಧಿ ಕೊಡುವ ನಾವು ಕೂಡ ಇದನ್ನು ಸಾಕಷ್ಟು ಹೇಳುವುದಿಲ್ಲ.

ಹೆಚ್ಚು ಗಮನ ಕೊಡಬೇಕಾದ್ದು ಹಠಾತ್ ಬದಲಾವಣೆಗೆ. ಮೊನ್ನೆವರೆಗೆ ಸರಿಯಾಗಿದ್ದ ಅಜ್ಜಿ ಒಂದೆರಡು ದಿನಗಳಲ್ಲೇ ಮೊಮ್ಮಗನನ್ನು ಕಳ್ಳ ಎನ್ನತೊಡಗಿದರೆ, ಹೊತ್ತು ಗೊತ್ತಿಲ್ಲದೆ ಕೂಗಾಡಿದರೆ, ಅದನ್ನು ಸ್ವಭಾವ ಎನ್ನಬೇಡಿ. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಮೂತ್ರದ ಸೋಂಕು, ರಕ್ತದಲ್ಲಿ ಸಕ್ಕರೆ ಅಥವಾ ಸೋಡಿಯಂ ಇಳಿಕೆ, ಹೊಸ ಔಷಧಿ ಇದಕ್ಕೆ ಕಾರಣವಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ನುಂಗುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಜೊತೆಗೊಯ್ಯಿರಿ. ಮರೆವು ತಿಂಗಳುಗಟ್ಟಲೆ ನಿಧಾನವಾಗಿ ಹೆಚ್ಚಿದ್ದರೆ ಮರೆಗುಳಿ ರೋಗದ ತಪಾಸಣೆ ಬೇಕು. ಕಾರಣ ಏನೆಂದು ಮೊಮ್ಮಗನಿಗೂ ತಿಳಿಸಿ. ಬೈಗುಳ ತಿಂದವನು ಅವನು.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅಜ್ಜಿಯ ಮಾತ್ರೆ ಡಬ್ಬಿ ತಲೆದಿಂಬಿನ ಬಳಿ ಬೇಡ. ಗ್ಲಿಮೆಪಿರೈಡ್‌ನಂತಹ ಸಕ್ಕರೆ ಮಾತ್ರೆ ಒಂದೇ ನುಂಗಿದರೂ ಮಗುವಿನ ಜೀವಕ್ಕೆ ಅಪಾಯ.

ಮಾತು ಕೈ ಮೀರಿದರೆ

ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಹಿರಿಯರಿಗೆ ಎಲ್ಡರ್‌ಲೈನ್ 14567, ಮಕ್ಕಳಿಗೆ 1098 ಉಚಿತ ಸಂಖ್ಯೆಗಳು. ಹೊಡೆತ, ಊಟ ಕೊಡದಿರುವುದು, ಮನೆಯಿಂದ ಹೊರಹಾಕುವುದು ನಡೆದರೆ ಅದು ಕೇವಲ ಮನೆಜಗಳವಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯಡಿ ವಯಸ್ಕ ಮೊಮ್ಮಕ್ಕಳಿಂದಲೂ ಜೀವನಾಂಶ ಕೇಳಿ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. 18 ತುಂಬದವರಿಗೆ ಆ ಹೊಣೆ ಇಲ್ಲ.